ಕ್ಲಚ್ ಪ್ಲೇಟಿಗೆ ಇಟ್ಟ ಕುಂಕುಮ

ನಮ್ಮಣ್ಣ ಬದುಕಿದ್ದಾಗ ಊರಿಗೆಲ್ಲ ಒಂದೇ ಉಪದೇಶ ಮಾಡುತ್ತಿದ್ದ, ಕ್ಲಚ್ ಮೇಲೆ ಸುಮ್ಮನೆ ಕಾಲಿಡಬೇಡಿ ಅಂತ. ತಾನು ಮಾತ್ರ ಗಾಡಿ ಹತ್ತಿದಾಗಿನಿಂದ ಇಳಿಯುವವರೆಗೆ ಎಡಗಾಲನ್ನು ಅದರ ಮೇಲಿಂದ ತೆಗೆಯುತ್ತಿರಲಿಲ್ಲ. ಅವನ ಹಳೇ ಅಂಬಾಸಿಡರಿನ ಕ್ಲಚ್ ಸವೆದದ್ದೇ ಹಾಗೆ. ಕೊನೆಕೊನೆಗೆ ನಾಯಂಡಹಳ್ಳಿ ಫ್ಲೈಓವರ್ ಹತ್ತುವಾಗ ಇಂಜಿನ್ ಅರಚಿಕೊಳ್ಳುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಒಳಗೆಲ್ಲ ಸುಟ್ಟ ವಾಸನೆ. "ಈ ಭಾನುವಾರ ಬಿಚ್ಚೋಣ ಕಣೋ, ಬಂದ್ಬಿಡು" ಅಂತ ನನಗೆ ಫೋನ್ ಮಾಡಿದ್ದ. ಆ ಭಾನುವಾರ ಬರುವುದರೊಳಗೆ ಎದೆನೋವು ಬಂತು. ಅಣ್ಣ ಹೋಗಿಬಿಟ್ಟ.

ಗಾಡಿ ವಿಜಯನಗರದ ಅವನ ಮನೆಯ ಪೋರ್ಟಿಕೊದಲ್ಲಿ ಕವರ್ ಹೊದ್ದು ನಿಂತಿತು. ಟೈರುಗಳ ಗಾಳಿ ಇಳಿಯಿತು. ಅತ್ತಿಗೆ ಆಗಾಗ ಕವರ್ ಎತ್ತಿ ಧೂಳು ಒರೆಸಿ ಮತ್ತೆ ಹೊದಿಸುತ್ತಿದ್ದರು. ಅದನ್ನು ನೋಡಲಾಗದೆಯೋ ಏನೋ, ಅತ್ತಿಗೆಯ ಸ್ವಂತ ಅಣ್ಣ ಬಂದಾಗಲೆಲ್ಲ "ಓಡದ ಗಾಡಿ ಮನೆ ಮುಂದೆ ಯಾಕಮ್ಮ" ಎಂದು ಶುರು ಮಾಡುವರು. ದಸರಾ ಕಳೆದ ಮೇಲೆ ಬಂದು ಎತ್ತಿಕೊಂಡು ಹೋಗಲಿ ಎಂದು ಒಬ್ಬ ಗುಜರಿಯವನನ್ನೂ ಗೊತ್ತು ಮಾಡಿಬಿಟ್ಟರು. ಅತ್ತಿಗೆ ಜಗಳವಾಡುವವರಲ್ಲ. "ಅಷ್ಟರಲ್ಲಿ ಓಡಿದ್ರೆ ಕೊಡಲ್ಲ. ಓಡ್ಲಿಲ್ಲ ಅಂದ್ರೆ ತಗೊಂಡ್ಹೋಗಿ" ಎಂದಷ್ಟೇ ಹೇಳಿ ಒಳಗೆ ಹೋಗಿ ನನಗೆ ಫೋನ್ ಮಾಡಿದರು.

ನಾನು ನಂದಿನಿ ಲೇಔಟಿನಿಂದ ಆಯುಧಪೂಜೆಯ ದಿನ ಬೆಳಿಗ್ಗೆ ಹೊರಟು ಬಂದೆ. ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿಕೊಂಡ ಆಟೋಗಳು, ಚೆಂಡುಹೂವಿನ ಹಾರ ಹಾಕಿಕೊಂಡ ಬೈಕುಗಳು. ಕುಂಕುಮ ತುಂಬಿ ಒಡೆದ ಬೂದುಗುಂಬಳದ ಮೇಲೆ ಚಕ್ರ ಜಾರದಂತೆ ಸ್ಕೂಟರ್ ಓಡಿಸುವುದೇ ಒಂದು ಸಾಹಸ. ಅಣ್ಣನ ಬೀದಿಯಲ್ಲೂ ಅಷ್ಟೇ ಸಂಭ್ರಮ. ವರ್ಷ ತುಂಬಿರಲಿಲ್ಲವಾದ್ದರಿಂದ ನಮ್ಮ ಮನೆಗೆ ಮಾತ್ರ ಹಬ್ಬವಿಲ್ಲ, ಗೇಟಿಗೆ ತೋರಣವಿಲ್ಲ.

ಈ ಕೆಲಸ ನನಗೆ ತೀರ ಹೊಸದಲ್ಲ. ಅಣ್ಣ ಗಾಡಿ ಕೆಳಗೆ ಮಲಗಿದರೆ ಸ್ಪ್ಯಾನರ್ ಎತ್ತಿ ಕೊಡುವುದು, ತಪ್ಪು ನಂಬರಿನದು ಕೊಟ್ಟು ಬೈಸಿಕೊಳ್ಳುವುದು ಎರಡೂ ನನ್ನ ಪಾಲಿಗೇ ಇದ್ದವು. ಅವನು ಗೇರ್‌ಬಾಕ್ಸನ್ನು ಎದೆಯ ಮೇಲೇ ಇಳಿಸಿಕೊಳ್ಳುವ ಭೂಪ. ನಾನು ಅಷ್ಟು ಧೈರ್ಯದವನಲ್ಲ. ಗೆಳೆಯನ ಹತ್ತಿರ ಚಕ್ರವಿರುವ ಜಾಕ್ ಕೇಳಿ ತಂದು, ಬೆವರು ಸುರಿಸಿ, ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸನ್ನು ಇಳಿಸಿದೆ. ಹಳೆಯ ಪ್ಲೇಟು ಕೈಗೆ ಬಂತು. ಅಣ್ಣನ ಎಡಗಾಲು ಅದನ್ನು ರಿವೆಟ್ ಕಾಣುವವರೆಗೆ ತಿಂದಿತ್ತು. ಬೈಯೋಣ ಅನ್ನಿಸಿತು, ಒರೆಸಿ ಪಕ್ಕಕ್ಕಿಟ್ಟೆ.

ನಮ್ಮ ಮನೆಯಲ್ಲೊಂದು ರೂಢಿ. ಗಾಡಿಗೆ ಏನೇ ಹೊಸ ಸಾಮಾನು ತಂದರೂ ಅದು ಮೊದಲು ದೇವರ ಮನೆಗೆ ಹೋಗಬೇಕು, ಅತ್ತಿಗೆಯ ಕೈಯಿಂದ ಕುಂಕುಮ ಇಡಿಸಿಕೊಳ್ಳಬೇಕು. ಕ್ಲಚ್ ಪ್ಲೇಟಿಗೆ ಎರಡು ಮೈ. ಸ್ಪ್ರಿಂಗುಗಳು ಉಬ್ಬಿಕೊಂಡಿರುವ ಮೈಯನ್ನು ಅಣ್ಣ ಮುಖ ಅನ್ನುತ್ತಿದ್ದ, ಇನ್ನೊಂದನ್ನು ಬೆನ್ನು. ಮುಖ ಯಾವಾಗಲೂ ಗೇರ್‌ಬಾಕ್ಸಿನ ಕಡೆಗಿರಬೇಕು. ಅದಕ್ಕೇ ಅತ್ತಿಗೆ ಮುಖದ ನಡುವೆ, ಉಜ್ಜುವ ಭಾಗಕ್ಕೆ ತಾಗದಂತೆ, ಒಂದು ಚಿಕ್ಕ ಬೊಟ್ಟು ಇಡುತ್ತಿದ್ದರು. ಕೆಳಗಿನ ಕತ್ತಲೆಯಲ್ಲಿ ಅಣ್ಣನಿಗೆ ಕೆಂಪು ಕಂಡರೆ ಸಾಕು, ಕಣ್ಣುಮುಚ್ಚಿ ಕೂರಿಸುತ್ತಿದ್ದ. ಬೆರಳಲ್ಲಿ ಮಿಕ್ಕ ಕುಂಕುಮವನ್ನು ಅತ್ತಿಗೆ ತಮ್ಮ ಹಣೆಗೆ ಒತ್ತಿಕೊಳ್ಳುವರು. "ನನ್ನ ಇಬ್ರು ಹೆಂಡ್ತೀರಿಗೂ ಆಯ್ತಲ್ಲಪ್ಪ" ಎಂದು ಅಣ್ಣ ಗಾಡಿ ಕೆಳಗಿನಿಂದಲೇ ಕಿಚಾಯಿಸುವನು.

ಆ ದಿನ ಅತ್ತಿಗೆ ನಾನು ತಂದುಕೊಟ್ಟ ಹೊಸ ಪ್ಲೇಟನ್ನು ಕೊಟ್ಟ ಹಾಗೇ ತಟ್ಟೆಯಲ್ಲಿಟ್ಟು ದೀಪ ಹಚ್ಚಿದರು. ಆಮೇಲೆ ಕುಂಕುಮದ ಭರಣಿಯನ್ನು ನನ್ನ ಕಡೆ ಸರಿಸಿದರು.

"ನಾನು ಇಡಬಾರ್ದು. ನೀನೇ ಇಡು."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡರು. ಆ ಬರಿ ಹಣೆಯನ್ನು ನೋಡಿ ನೋಡಿ ನನಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ಅಲ್ಲಿ ನಿಲ್ಲಲಾಗಲಿಲ್ಲ. ಭರಣಿಗೆ ಬೆರಳದ್ದಿ, ತಟ್ಟೆಯಲ್ಲಿ ಯಾವ ಮೈ ಮೇಲಿತ್ತೋ ಅದಕ್ಕೇ ಒತ್ತಿ, ಎತ್ತಿಕೊಂಡು ಹೊರಗೆ ಬಂದುಬಿಟ್ಟೆ.

ಕೆಂಪು ನನ್ನ ಕಡೆಗೆ, ಅಂದರೆ ಗೇರ್‌ಬಾಕ್ಸಿನ ಕಡೆಗೆ ಇರುವಂತೆ ಕೂರಿಸಿ, ಗೇರ್‌ಬಾಕ್ಸ್ ಏರಿಸಿ ಬಿಗಿದೆ. ಸಂಜೆ ಅತ್ತಿಗೆಯನ್ನು ಸೀಟಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿಸಿದೆ. ಅವರು ಕ್ಲಚ್ ಒತ್ತಿ ಗೇರ್ ಹಾಕಲು ಹೋದರೆ ಕರಕರ ಸದ್ದು. ಎಷ್ಟು ಅಡ್ಜಸ್ಟ್ ಮಾಡಿದರೂ ಕ್ಲಚ್ ಹಿಡಿತ ಬಿಡಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೈಲಿದ್ದ ಸ್ಪ್ಯಾನರನ್ನು ಗೋಡೆಗೆ ಎಸೆದೆ. ಸತ್ತವನನ್ನೇ ಬೈದೆ. ಅತ್ತಿಗೆ ಇಳಿದು ಬಂದು ಸ್ಪ್ಯಾನರ್ ಎತ್ತಿ ಡಬ್ಬಿಗೆ ಹಾಕಿದರು. "ಹೋಗ್ಲಿ ಬಿಡು. ಗುಜರಿಯವ್ನು ನಾಡಿದ್ದು ಬರ್ತಾನಲ್ಲ, ಕೊಟ್ಬಿಡೋಣ" ಎಂದರು.

ಮರುದಿನ ಮತ್ತೆ ಎಲ್ಲವನ್ನೂ ಬಿಚ್ಚಿದೆ. ಪ್ಲೇಟು ಕೈಗೆ ಬಂದಾಗಲೇ ಗೊತ್ತಾಯಿತು. ಸ್ಪ್ರಿಂಗುಗಳೆಲ್ಲ ಇಂಜಿನ್ನಿನ ಕಡೆಗಿದ್ದವು. ಅದನ್ನು ಅತ್ತಿಗೆಗೆ ತೋರಿಸಿದೆ.

"ಇದು ಬೆನ್ನು ಕಣೋ" ಎಂದರು ನೋಡಿದ ತಕ್ಷಣ. "ಬೆನ್ನಿಗೆ ಇಟ್ಟಿದೀಯ."

"ನನಗೆ ಇದೆಲ್ಲ ಬರಲ್ಲ ಅತ್ತಿಗೆ. ಇದು ನಿಮ್ಮ ಕೆಲಸ. ನೀವೇ ಇಡಿ."

"ಬೇಡ. ಯಾರಾದ್ರೂ ನೋಡಿದ್ರೆ..."

"ನೋಡ್ಲಿ. ಅಣ್ಣನ ಗಾಡಿ ಓಡ್ಬೇಕೋ ಬೇಡ್ವೋ?"

ಅವರು ಒಳಗೆ ಹೋದರು. ಒದ್ದೆ ಬಟ್ಟೆಯನ್ನೂ ಭರಣಿಯನ್ನೂ ತಂದು ನಾನಿಟ್ಟ ಕುಂಕುಮವನ್ನು ಒರೆಸಿದರು. ಪ್ಲೇಟನ್ನು ಮಗುಚಿ, ಉಂಗುರದ ಬೆರಳನ್ನು ಭರಣಿಗೆ ಅದ್ದಿ, ಮುಖದ ನಡುವೆ ಅಚ್ಚುಕಟ್ಟಾಗಿ ಒಂದು ಬೊಟ್ಟಿಟ್ಟರು. ಕಣ್ಣು ಪ್ಲೇಟಿನ ಮೇಲೇ ಇತ್ತು. ಬೆರಳು ಮಾತ್ರ ಇಷ್ಟು ವರ್ಷಗಳ ರೂಢಿಯಂತೆ ತಾನಾಗಿ ಮೇಲೆ ಹೋಗಿ ಹಣೆಯನ್ನು ಮುಟ್ಟಿ ಬಂತು. ಅವರಿಗೆ ಅದರ ಅರಿವೇ ಇರಲಿಲ್ಲ. "ತಗೋ" ಎಂದು ಪ್ಲೇಟನ್ನು ನನ್ನ ಕೈಗೆ ಕೊಟ್ಟರು.

ಹೇಳಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಮನಸ್ಸಿರಲಿಲ್ಲ. ಅಣ್ಣ ಹೋದ ಮೇಲೆ ಆ ಮುಖವನ್ನು ನಾನು ಮೊದಲ ಸಲ ಮತ್ತೆ ನೋಡುತ್ತಿದ್ದೆ.

ದಿನವಿಡೀ ಅತ್ತಿಗೆ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ಕೇಳಿದ ಸ್ಪ್ಯಾನರನ್ನು ಕೇಳಿದ ಹಾಗೆ ಕೊಟ್ಟರು. ನನ್ನಷ್ಟು ತಪ್ಪು ಮಾಡಲಿಲ್ಲ. ಎದುರುಮನೆಯ ಆಂಟಿ ಬನ್ನಿ ಸೊಪ್ಪು ಕೊಡಲು ಗೇಟಿನವರೆಗೆ ಬಂದವರು ಅತ್ತಿಗೆಯ ಹಣೆ ನೋಡಿ ಮಾತೇ ಆಡದೆ ಹಿಂದಿರುಗಿದರು. "ಯಾಕೋ ಹಾಗೇ ಹೋದ್ರು?" ಎಂದು ಅತ್ತಿಗೆ ಕೇಳಿದರು. ಗೊತ್ತಿಲ್ಲ ಎಂದು ನಾನು ಗಾಡಿಯ ಕೆಳಗೆ ಇನ್ನಷ್ಟು ಒಳಗೆ ಸರಿದೆ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಮುಗಿಯಿತು. ಗಾಡಿಯನ್ನು ಜಾಕಿನಿಂದ ಇಳಿಸಿ, ಟೈರಿಗೆ ಗಾಳಿ ತುಂಬಿಸಿ, ಅತ್ತಿಗೆಗೆ ಕೀ ಕೊಟ್ಟೆ. ಅಣ್ಣನೇ ಅವರಿಗೆ ಓಡಿಸುವುದನ್ನು ಕಲಿಸಿದ್ದ. ಇಂಜಿನ್ ಒಂದೆರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಕ್ಲಚ್ ಒತ್ತಿ, ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಎಳೆದರು. ಸದ್ದೇ ಇಲ್ಲದೆ ಗೇರ್ ಬಿತ್ತು. "ಬಿತ್ತು ಕಣೋ!" ಎಂದು ನನ್ನ ಕಡೆ ನೋಡಿ ನಕ್ಕರು. ಎಷ್ಟೋ ತಿಂಗಳ ಮೇಲಿನ ನಗು ಅದು.

ರಿವರ್ಸ್ ತೆಗೆಯಬೇಕಿತ್ತು. ಒಳಗಿನ ಕನ್ನಡಿ ಇನ್ನೂ ಅಣ್ಣನ ಎತ್ತರಕ್ಕೇ ಇತ್ತು, ಅವರಿಗೆ ಗಾಡಿಯ ಚಾವಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅದನ್ನು ಕೆಳಗೆ ಬಗ್ಗಿಸಿದರು. ಹಣೆ ಕಂಡಿತು, ಕೈ ಹಾಗೇ ನಿಂತಿತು.

"ಬೆಳಿಗ್ಗೆಯಿಂದ ಇತ್ತಾ?"

"ಹೂಂ."

"ಹೇಳ್ಬಾರ್ದಾ?"

ಅವರು ದುಪಟ್ಟಾದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡರು. ಕನ್ನಡಿ ನೋಡುತ್ತ ನಿಧಾನವಾಗಿ ಹಣೆ ಒರೆಸಿಕೊಂಡರು. ಕೆಂಪು ಅರೆಬರೆ ಉಳಿಯಿತು. ಮತ್ತೆ ಒರೆಸಿಕೊಂಡರು. ಆಮೇಲೆ ಕನ್ನಡಿಯನ್ನು ಹಿಂದಿನ ರಸ್ತೆ ಕಾಣುವಷ್ಟು ಮೇಲಕ್ಕೆ ತಿರುಗಿಸಿ, "ಗೇಟ್ ತೆಗಿ" ಎಂದರು.