ಅಂಬಣ್ಣನವರು ಹೊಡೆದುಹಾಕದ ಒಂದು ವಿಶೇಷಣ

ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳಲ್ಲಿ ಮಾತ್ರೆ ಮಾಡುವವರು ಸಾವಿರಾರು ಮಂದಿ; ಮಾತ್ರೆಯ ಹಿಂದಿನ ವರದಿಯೂ ಮಾತ್ರೆಯಷ್ಟೇ ಶುದ್ಧವಾಗಿರಬೇಕೆಂದು ಹಟ ಹಿಡಿದವರು ಬೆರಳೆಣಿಕೆಯಷ್ಟು. ಆ ಕೆಲವರಲ್ಲಿ, ಮೂವತ್ತೊಂದು ವರ್ಷ ಗುಣಮಟ್ಟ ವಿಭಾಗದ ದಾಖಲೆಗಳನ್ನು ಕಾಯ್ದು ಈಗ ನಿವೃತ್ತರಾಗುತ್ತಿರುವ ಶ್ರೀ ಅಂಬಣ್ಣನವರ ಹೆಸರನ್ನು ಮೊದಲು ಹೇಳಬೇಕು. ಹುಮನಾಬಾದಿನಿಂದ ಬಂದು ಗುಮಾಸ್ತರಾಗಿ ಸೇರಿದ ಅವರು, ಕೋಠಿಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ನಿಘಂಟನ್ನೇ ಗುರುವಾಗಿಸಿಕೊಂಡು ಇಂಗ್ಲಿಷ್ ಕಲಿತರು. ಕಲಿತದ್ದನ್ನು ಊಟದ ಬಿಡುವಿನಲ್ಲಿ, ತಮ್ಮ ಡಬ್ಬಿಯ ಶೇಂಗಾ ಚಟ್ನಿಯೊಂದಿಗೆ ಹೊಸಬರಿಗೆಲ್ಲ ಹಂಚಿದರು.

ಅವರ ಕೆಂಪು ಶಾಯಿಗೆ ಹೆದರದವರಿಲ್ಲ. ಕರಡು ವರದಿಯಲ್ಲಿ ಬೆರಗಿನ ಇಂಗ್ಲಿಷ್ ವಿಶೇಷಣ ಕಂಡರೆ ಸಾಕು, ಅಡ್ಡಗೆರೆ ಬೀಳುತ್ತಿತ್ತು. ಮಣಿಕೊಂಡದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ, ಹೊಸದಾಗಿ ನೌಕರಿಗೆ ಸೇರಿದ ಕಾವ್ಯಾಳಿಗೆ, ಮೊದಲ ಐದು ತಿಂಗಳು, ಈ ಮನುಷ್ಯ ಜನ್ಮದಲ್ಲಿ ಒಮ್ಮೆಯೂ ಬೆರಗಾಗಿಲ್ಲವೇನೋ ಎನ್ನಿಸಿತ್ತು.

ಆರನೆಯ ತಿಂಗಳಲ್ಲಿ ಒಂದು ದಿನ, ಮಕ್ಕಳ ಜ್ವರದ ಔಷಧಿಯ ಪುಡಿ ಒಣಗಿಸುವ ಯಂತ್ರದ ಮುಂದೆ ಅವಳು ನಿಂತಿದ್ದಳು. ಒಂಬತ್ತು ಗಂಟೆ ಬೇಡುವ ಪುಡಿ ನಾಲ್ಕೇ ಗಂಟೆಯಲ್ಲಿ ಒಣಗಿತು. ಯಂತ್ರ ತೋರಿಸುತ್ತಿದ್ದ ಉಷ್ಣಾಂಶ ಮಾತ್ರ ಎಂದಿನಷ್ಟೇ ಇತ್ತು. ಅವಳು ಕರಡಿನಲ್ಲಿ ‘ಅಸ್ಟಾನಿಶಿಂಗ್’ ಎಂದು ಬರೆದಳು. ಉತ್ಪಾದನಾ ಮ್ಯಾನೇಜರ್ ವಿನಾಯಕರಿಗೆ ಸಿಟ್ಟು ನೆತ್ತಿಗೇರಿತು. ಗಡಿಯಾರ ನೋಡುವುದರಲ್ಲಿ ತಪ್ಪಾಯಿತೆಂದು ಬರೆದುಕೊಡದಿದ್ದರೆ ನೌಕರಿ ಕಾಯಂ ಆಗುವ ಮಾತೇ ಇಲ್ಲ ಎಂದರು. ಅವಳ ಮನೆಗೆ ಆ ನೌಕರಿಯೊಂದೇ ಆಸರೆ. ಕರಡನ್ನು ಅಂಬಣ್ಣನವರ ಮೇಜಿನ ಮೇಲಿಟ್ಟು, ಕೆಂಪು ಗೆರೆಗಾಗಿ ಕಾದಳು.

ಅವರು ಪೆನ್ನಿನ ಮುಚ್ಚಳ ತೆಗೆದರು, ಎರಡು ಸಲ ಓದಿದರು, ಮುಚ್ಚಳ ಹಾಕಿದರು.

“ಇದನ್ನ ಯಾಕ ಹೊಡದು ಹಾಕವಲ್ರಿ?” ಎಂದರು ಅವಳ ಹಿಂದೆಯೇ ಬಂದು ನಿಂತಿದ್ದ ವಿನಾಯಕರು.

“ಸಾಹೇಬ್ರ, ‘ಸರ್ಪ್ರೈಸಿಂಗ್’ ಅಂದ್ರ ನಾ ಎಣಿಸಿರಲಿಲ್ಲ ಅಂತ. ‘ಅಸ್ಟಾನಿಶಿಂಗ್’ ಅಂದ್ರ, ನನಗ ಗೊತ್ತಿದ್ದದ್ದೆಲ್ಲಾ ಸೇರಿಸಿದ್ರೂ ಇದು ಹೆಂಗಾತು ತಿಳಿವಲ್ದು ಅಂತ. ಕಾರಣ ನಿಮಗ ಗೊತ್ತೈತೇನ್ರಿ? ಹೇಳ್ರಿ, ಈಗ ಹೊಡದು ಹಾಕ್ತೀನಿ.”

ವಿನಾಯಕರು ಕರಡನ್ನು ಎಳೆದುಕೊಂಡು ಮತ್ತೊಮ್ಮೆ ಓದಿ, ಮೇಜಿನ ಮೇಲೆ ಹಿಂದಕ್ಕಿಟ್ಟರು.

“ಹಂಗಾದ್ರ ಮಾಲು ನಿಲ್ಲಿಸ್ರಿ,” ಎಂದು ಅಂಬಣ್ಣನವರು ಕಾವ್ಯಾಳ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು.

ಮೂರನೆಯ ದಿನ ಕಾರಣ ಸಿಕ್ಕಿತು. ಉಷ್ಣಮಾಪಕ ಕೆಟ್ಟು ಒಂದೇ ಅಂಕಿಯಲ್ಲಿ ನಿಂತುಬಿಟ್ಟಿತ್ತು. ಒಳಗೆ ಕಾವು ಮಿತಿಮೀರಿ, ಮಕ್ಕಳ ಹೊಟ್ಟೆ ಸೇರಬೇಕಿದ್ದ ಔಷಧಿ ಗುಣಗೆಟ್ಟಿತ್ತು. ಮಾಲು ನಾಶವಾಯಿತು, ನೌಕರಿ ಉಳಿಯಿತು. ಒಂದು ಪದವನ್ನು ಅಷ್ಟು ವರ್ಷ ಯಾರಿಗೂ ಸುಮ್ಮಸುಮ್ಮನೆ ಬಳಸಗೊಡದೆ ಕಾಯ್ದವರು, ಅದು ಬೇಕಾದ ದಿನ ಅದರ ಬೆನ್ನಿಗೆ ನಿಂತ ಬಗೆ ನೆನೆದರೆ ಕಾವ್ಯಾಳಿಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಹತ್ತು ವರ್ಷಗಳ ಮೇಲೆ, ಅವರ ಬೀಳ್ಕೊಡುಗೆಯ ಮಾನಪತ್ರ ಬರೆಯುವ ಭಾಗ್ಯವೂ ಅವಳದೇ ಆಯಿತು. ಅವರ ಆ ದಿನದ ಧೈರ್ಯಕ್ಕೆ ‘ಅಸ್ಟಾನಿಶಿಂಗ್’ ಎಂದು ಬರೆದು, ರೂಢಿಬಲದಿಂದ ಕರಡನ್ನು ಅವರಿಗೇ ತಿದ್ದಲು ಕೊಟ್ಟಳು! ಅಭಿನಂದನ ಸಮಿತಿ ಹಣೆ ಚಚ್ಚಿಕೊಂಡಿತು. ಆ ಪದದ ಮೇಲೆ ಕೆಂಪು ಗೆರೆ ಬಿತ್ತು.

“ಯಾಕ್ರೀ ಸರ್?” ಎಂದಳು ಕಾವ್ಯಾ.

“ಈ ಧೈರ್ಯಕ್ಕ ಕಾರಣ ಗೊತ್ತೈತಲ್ಲವಾ,” ಎಂದರು ಅಂಬಣ್ಣನವರು. “ಅವತ್ತು ನೀ ಖರೇನ ಬರದಿದ್ದಿ.”

ವಾರಕ್ಕೊಮ್ಮೆ ಬಂದು ಊಟದ ಬಿಡುವಿನ ಪಾಠ ಮುಂದುವರಿಸಲು ಒಪ್ಪಿರುವ ಈ ಹಿರಿಯರಿಗೆ ದೇವರು ನೂರು ವರ್ಷದ ಆಯುಷ್ಯವನ್ನೂ, ಪೆನ್ನಿಗೆ ಬತ್ತದ ಶಾಯಿಯನ್ನೂ ಕೊಡಲಿ. ಆ ಪದವನ್ನು ಮಾತ್ರ ಕಾವ್ಯಾ ಮಾನಪತ್ರದಲ್ಲಿ ಹಾಗೆಯೇ ಅಚ್ಚು ಹಾಕಿಸಿದ್ದಾಳೆ. ಅವರ ತಿದ್ದುಪಡಿಯನ್ನು ಅವಳು ಮೀರಿದ್ದು ಇದೊಂದೇ ಸಲ.