ಹೊತ್ತು ಮುಳುಗುವ ಮುನ್ನ ಹತ್ತು ಹೆಸರು

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಮಹಾರಾಷ್ಟ್ರದ ಗಡಿ ಊರು ಇಚಲಕರಂಜಿಯ ನಮ್ಮ ಹುಡುಗಿಯರ ಸಾಲೆಯಲ್ಲಿ ಒಂಬತ್ತನೆಯ ಇಯತ್ತೆಗೆ ಕಾಲಿಟ್ಟವರಿಗೆ ವಿಷಯಗಳನ್ನು ಎರಡು ಪಾಲು ಮಾಡಿ ಹೇಳುತ್ತಿದ್ದರು. ಮರಾಠಿ, ಹಿಂದಿ, ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ, ಭೂಗೋಳ ಎಲ್ಲರಿಗೂ ಕಡ್ಡಾಯ. ಅದರ ಮೇಲೆ ಒಂದನ್ನು ನಾವೇ ಆರಿಸಿಕೊಳ್ಳಬೇಕು: ಸಂಸ್ಕೃತ, ಅರ್ಧಮಾಗಧಿ, ಇಲ್ಲವೇ ಹೊಲಿಗೆ. ಸಂಸ್ಕೃತಕ್ಕೆ ಹಿಂದಿನ ವರ್ಷದ ಮರಾಠಿ ಮಾರ್ಕು ನೋಡುತ್ತಿದ್ದರು. ಮನೆಯಲ್ಲಿ ಕನ್ನಡ ಆಡುವ ನನಗೆ ಆ ಬಾಗಿಲು ಮೊದಲೇ ಮುಚ್ಚಿತ್ತು. ಉಳಿದದ್ದು ಅರ್ಧಮಾಗಧಿ, ನಮ್ಮ ಜೈನರ ಹಳೆಯ ಗ್ರಂಥಗಳ ಪ್ರಾಕೃತ ಭಾಷೆ. ಅದೂ ತಪ್ಪಿದರೆ ಹೊಲಿಗೆ.

ಹೊಲಿಗೆ ಎಂದರೆ ನನ್ನ ಸಾಲೆ ಮುಗಿದಂತೆ. ಅಪ್ಪನದು ನೂಲಿನ ಅಂಗಡಿ. ಮಾತು ಕಡಿಮೆ, ಆಡಿದ್ದು ಗಟ್ಟಿ. ಏಪ್ರಿಲ್‌ನಲ್ಲೇ ಹೇಳಿಬಿಟ್ಟಿದ್ದರು, "ಹೊಲಿಗಿ ನಿಮ್ಮವ್ವ ಮನ್ಯಾಗ ಕಲಿಸ್ತಾಳ. ಅದಕ್ಕ ಸಾಲಿಗಿ ಯಾಕ ಹೋಗಬೇಕು? ಓದೂ ವಿಷಯ ಸಿಕ್ಕರ ಹೋಗು, ಇಲ್ಲಂದ್ರ ಸಾಕು."

ಅರ್ಧಮಾಗಧಿಗೆ ಹನ್ನೊಂದು ಹೆಸರು ಬಂದಿದ್ದವು. ನನಗೆ ನಿಶ್ಚಿಂತೆ. ಆದರೆ ಕಲಿಸುವ ಮಾಸ್ತರು ಜಯಸಿಂಗಪುರದವರು. ಅಲ್ಲಿನ ಸಾಲೆ ಮುಗಿಸಿ ಬಸ್ಸು ಹಿಡಿದು ಬರಬೇಕು. ಅದಕ್ಕೆ ಹೆಡ್‌ಮಾಸ್ತರರು ವಾರಕ್ಕೆ ಮೂರು ದಿನ ಸಂಜೆ ಐದೂವರೆಯಿಂದ ಆರೂವರೆ ಎಂದು ವೇಳಾಪಟ್ಟಿ ಹಾಕಿ ಗೋಡೆಗೆ ಅಂಟಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದರು. ಬೇರೆ ಯಾವ ತಾಸಿಗೂ ಅಡ್ಡಿಯಾಗದಿರಲಿ ಎಂದು.

ಅಡ್ಡಿಯಾದದ್ದು ಊಟಕ್ಕೆ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಅಗುಳು ಬಾಯಿಗೆ ಹೋಗುವಂತಿಲ್ಲ. ಮಳೆಗಾಲದಲ್ಲಿ ಮೋಡದ ಹಿಂದೆ ಸೂರ್ಯ ಎಲ್ಲಿದ್ದಾನೋ ತಿಳಿಯದು. ಆಗಂತೂ ಆರಕ್ಕೇ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದೆವು. ಜೈನರ ಮಕ್ಕಳೇ ಓದುವ ವಿಷಯ, ಜೈನರ ಮಕ್ಕಳು ಕೂರಲಾಗದ ಹೊತ್ತು! ಎರಡೇ ದಿನದಲ್ಲಿ ಹನ್ನೊಂದರಲ್ಲಿ ಎಂಟು ಹೆಸರು ಹಿಂದೆ ಹೋದವು. ಬುಧವಾರ ಹೆಡ್‌ಮಾಸ್ತರರು ನಮ್ಮ ವರ್ಗಕ್ಕೆ ಬಂದು, "ದಹಾ ನಾವಂ ಪಾಹಿಜೇತ. ಶನಿವಾರೀ ಬಾರಾ ವಾಜೇಪರ್ಯಂತ" ಎಂದರು. ಶನಿವಾರ ಹನ್ನೆರಡರೊಳಗೆ ಹತ್ತು ಹೆಸರು, ಮನೆಯವರ ಸಹಿಯೊಂದಿಗೆ. ಇಲ್ಲವಾದರೆ ಆ ವಿಷಯ ಬಂದ್.

ಉಳಿದ ಮೂರರಲ್ಲಿ ಒಂದು ನನ್ನದು. ಅದೂ ಅಪ್ಪನ ಕಣ್ಣಿಗೆ ವೇಳಾಪಟ್ಟಿ ಇನ್ನೂ ಬಿದ್ದಿರಲಿಲ್ಲ ಅಂತ ಉಳಿದದ್ದು. ಅಂದು ಊಟಕ್ಕೆ ಕುಳಿತಾಗ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು.

"ಹೊತ್ತು ಮುಳುಗಿದ ಮ್ಯಾಲ ಬಂದು ಉಣ್ಣಾಕಿಯೇನ?"

"ಉಪಾಸ ಇರ್ತೇನ್ರಿ."

"ವಾರಕ್ಕ ಮೂರು ಉಪಾಸ? ಮುನಿ ಆಗಾಕ ಹೊಂಟಿ ನೋಡು!"

ಆಯಿ, ಅಂದರೆ ಅಪ್ಪನ ತಾಯಿ, ಪಲ್ಯ ಬಡಿಸುತ್ತಿದ್ದಳು. ನಾಂದಣಿಯ ಒಕ್ಕಲುತನದ ಮನೆಯ ಮಗಳು. ಅಕ್ಷರ ಗೊತ್ತಿಲ್ಲ, ಲೆಕ್ಕ ಬೆರಳ ತುದಿಯಲ್ಲಿ. "ಅಲ್ಲೋ, ಹೊತ್ತು ಮನ್ಯಾಗಷ್ಟ ಮುಳಗತದೇನು? ಸಾಲ್ಯಾಗೂ ಮುಳಗತದ. ಅಕಿ ಡಬ್ಬಿ ಒಯ್ದು ಐದಕ್ಕ ಅಲ್ಲೇ ಉಂಡ್ರ ನಿನ್ನ ಗಂಟೇನು ಹೋತು?" ಎಂದಳು.

"ನೀರೋ? ಸಾಲಿ ನಳದ ನೀರು ಸೋಸಿರ್ತಾರ?" ಎಂದರು ಅಪ್ಪ. ಅರಿವೆಯಲ್ಲಿ ಸೋಸದ ನೀರನ್ನು ನಮ್ಮಲ್ಲಿ ಯಾರೂ ಕುಡಿಯುತ್ತಿರಲಿಲ್ಲ.

"ನಾ ಹೋಗಿ ಸೋಸಿ ಕೊಡ್ತೇನಿ. ಸಾಕಾ?"

ತಾಯಿಯ ಎದುರು ಅಪ್ಪನ ಗಟ್ಟಿ ಮಾತು ಅಷ್ಟು ಗಟ್ಟಿ ಇರುತ್ತಿರಲಿಲ್ಲ. "ಸಹಿ ಹಾಕ್ತೇನಿ, ಆದ್ರ ಮೊದಲ ಹತ್ತು ಮಂದಿ ಆಗಲಿ" ಎಂದು ಮತ್ತೆ ರೊಟ್ಟಿ ಮುರಿದರು.

ಗುರುವಾರ ಬೆಳಿಗ್ಗೆ ಆಯಿ ಇಳಕಲ್ ಸೀರೆ ಉಟ್ಟು, ಸೆರಗು ಬಿಗಿದು, ನನ್ನೊಂದಿಗೆ ಹೆಡ್‌ಮಾಸ್ತರರ ಖೋಲಿಗೆ ಬಂದಳು. ಅವರು ಕೇಳಿಸಿಕೊಂಡು ನಕ್ಕುಬಿಟ್ಟರು. "ಆಜೀ, ಶಾಳೇತ ಖಾನಾವಳ ಉಘಡಣಾರ ಕಾಯ?" ಸಾಲೆಯಲ್ಲಿ ಖಾನಾವಳಿ ತೆರೆಯುತ್ತೀರಾ ಅಂತ.

ಆಯಿಗೆ ಮರಾಠಿ ತಿಳಿಯುತ್ತಿತ್ತು, ಉತ್ತರ ಮಾತ್ರ ಕನ್ನಡದ್ದೇ. "ಹೌದ್ರಿ ಸಾಹೇಬ್ರ. ನಿಮ್ಮ ಗೋಡಿಗಿ ಹಚ್ಚಿದ ಹಾಳಿ ಓದಿ ಮಕ್ಕಳ ಹೊಟ್ಟಿ ತುಂಬಂಗಿದ್ರ ನಾ ಯಾಕ ಬರ್ತಿದ್ದೆ?"

ನಾನು ತಲೆ ತಗ್ಗಿಸಿ ಅದನ್ನು ಮರಾಠಿಗೆ ತಿರುಗಿಸಿದೆ, ತುಸು ಮೆತ್ತಗೆ ಮಾಡಿ. ಆದರೆ ಇಚಲಕರಂಜಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಅಷ್ಟು ಕನ್ನಡ ಬಾರದೇ ಇರುತ್ತದೆಯೇ? ಹೆಡ್‌ಮಾಸ್ತರರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಹಿಂದಿನ ಪಡಸಾಲೆಯಲ್ಲಿ ಉಣ್ಣಲು ಒಪ್ಪಿದರು. ಅಗುಳು ಬಿದ್ದರೆ ಗುಡಿಸುವುದು ನಮ್ಮ ಪಾಲಿಗೆ. ಶನಿವಾರದ ಗಡುವು ಮಾತ್ರ ಅದೇ.

ಅಂದು ಸಂಜೆಯೂ ಮರುದಿನವೂ ಹಿಂದೆ ಸರಿದವರ ಮನೆ ಮನೆಗೆ ಹೋದೆವು. ಆಯಿ ಪ್ರತಿ ಮನೆಯಲ್ಲೂ ಮೊದಲು ಆ ಮನೆಯ ಉಪ್ಪಿನಕಾಯಿಯನ್ನು ಹೊಗಳುವಳು, ಆಮೇಲೆ ಡಬ್ಬಿಯ ವಿಷಯ ತೆಗೆಯುವಳು. "ನೀರು ಯಾರು ಸೋಸ್ತಾರ್ರಿ?" ಎಂದರೆ, "ನಾನಽ" ಎಂದು ಎದೆ ಮುಟ್ಟಿಕೊಳ್ಳುವಳು. ಎಂಟರಲ್ಲಿ ಆರು ಮನೆ ಒಪ್ಪಿದವು. ಇಬ್ಬರು ಆಗಲೇ ಹೊಲಿಗೆಗೆ ಬಟ್ಟೆ ಕೊಂಡಿದ್ದರು. ಮೂರು ಮತ್ತು ಆರು, ಒಂಬತ್ತು. ಊರಲ್ಲಿ ಇನ್ನೊಬ್ಬ ಜೈನರ ಹುಡುಗಿ ಒಂಬತ್ತನೆಯ ಇಯತ್ತೆಗೆ ಇರಲಿಲ್ಲ. ಹುಡುಗರದು ಬೇರೆ ಸಾಲೆ.

ಶನಿವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಪಕ್ಕದಲ್ಲಿ ನನ್ನ ಗೆಳತಿ ಇದ್ದಳು. ಅವರದು ಬನಹಟ್ಟಿಯಿಂದ ಬಂದ ನೇಕಾರ ಮನೆತನ. ಅಪ್ಪ ಪವರ್‌ಲೂಮಿನ ಮೇಲೆ, ಅವ್ವ ಮನೆಯಲ್ಲಿ ರಾಟಿ ತಿರುಗಿಸಿ ನೂಲು ಸುತ್ತುವಾಕೆ. ಹೊಲಿಗೆಗೆ ಹೆಸರು ಕೊಟ್ಟಿದ್ದಳು. ಇವಳನ್ನು ಕೇಳಬೇಕೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಎಂದರೆ ಈಗ ನಾಚಿಕೆಯಾಗುತ್ತದೆ. ಅದು ಜೈನರ ವಿಷಯ ಎಂದು ನಾನೇ ಬೇಲಿ ಹಾಕಿಕೊಂಡಿದ್ದೆ.

"ನೀನೂ ಅರ್ಧಮಾಗಧಿಗಿ ಬಾ" ಎಂದೆ.

"ನನಗ್ಯಾಕ ಬೇ ನಿಮ್ಮ ದೇವರ ಭಾಷಿ? ನಿಮ್ಮ ಡಬ್ಬ್ಯಾಗ ಉಳ್ಳಾಗಡ್ಡಿನೂ ಇರಂಗಿಲ್ಲ."

"ಮರಾಠಿ ತಾಸಿನ್ಯಾಗ ಎದ್ದು ನಿಂತ್ರ ನಮ್ಮಿಬ್ಬರಿಗೂ ನಗ್ತಾರಲ್ಲ, ಅಲ್ಲಿ ಯಾರೂ ನಗಂಗಿಲ್ಲ. ಅದು ಯಾರವ್ವನ ಭಾಷಿನೂ ಅಲ್ಲ. ಎಲ್ಲಾರೂ ಒಂದನೇ ಅಕ್ಷರದಿಂದ."

ಅವಳು ನನ್ನ ಮುಖವನ್ನೇ ನೋಡಿದಳು. ಹನ್ನೊಂದಕ್ಕೆ ಶನಿವಾರದ ಸಾಲೆ ಬಿಟ್ಟೊಡನೆ ಇಬ್ಬರೂ ಅವಳ ಮನೆಗೆ ಓಡಿದೆವು. ಅವಳ ಅವ್ವ ರಾಟಿ ನಿಲ್ಲಿಸದೆ ಕೇಳಿದಳು, "ಹೊಲಿಗಿ ಕಲ್ತರ ಓಣ್ಯಾಗಿನ ನಾಕು ಝಂಪರ್ ಹೊಲೀತಾಳ. ಇದರಿಂದ ಏನವ್ವಾ?"

ಗೆಳತಿ ನನ್ನ ಮಾತನ್ನೇ ತನ್ನದು ಮಾಡಿಕೊಂಡು ಹೇಳಿದಳು. "ಅಲ್ಲಿ ನನಗ ಯಾರೂ ನಗಂಗಿಲ್ಲವ್ವಾ."

ರಾಟಿ ನಿಂತಿತು. ಆಕೆಯೂ ಸಂತೆಯಲ್ಲಿ ಮರಾಠಿ ಆಡಲು ಹೋಗಿ ನಗಿಸಿಕೊಂಡು ಬಂದವಳೇ ಇರಬೇಕು. "ನಗಂಗಿಲ್ಲ ಅಂದ್ರ ಹೋಗು. ಎಲ್ಲಿ ಒತ್ತಬೇಕು?" ಎಂದು ಹೆಬ್ಬೆರಳು ಮುಂದೆ ಮಾಡಿದಳು.

ಸಾಲೆಗೆ ತಿರುಗಿ ಬಂದಾಗ ಹನ್ನೆರಡಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಹೆಡ್‌ಮಾಸ್ತರರು ಹಾಳೆ ಬೆಳಕಿಗೆ ಹಿಡಿದು ಎಣಿಸಿದರು. ಹತ್ತನೆಯ ಹೆಸರಿನ ಬಳಿ ಬೆರಳು ನಿಂತಿತು. ಗೆಳತಿಯನ್ನು ನೋಡಿದರು, ಠಸ್ಸೆ ಒತ್ತಿದರು.

ಸೋಮವಾರ ಐದಕ್ಕೆ ಪಡಸಾಲೆಯಲ್ಲಿ ಹತ್ತು ಡಬ್ಬಿ ತೆರೆದವು. ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ ಹಿಂಡಿ. ಆಯಿ ಹಿತ್ತಾಳೆ ಕೊಡಕ್ಕೆ ಮಡಿಚಿದ ಬಿಳಿ ಅರಿವೆ ಕಟ್ಟಿ ನೀರು ಸೋಸಿದಳು. ಗೆಳತಿಯ ಅವ್ವ ಅಂದು ಉಳ್ಳಾಗಡ್ಡಿ ಬಿಟ್ಟು ಹೀರೇಕಾಯಿ ಪಲ್ಯ ಮಾಡಿ ಕಳಿಸಿದ್ದಳು. ಮೊದಲು ಖಾಲಿಯಾದದ್ದು ಅದೇ ಡಬ್ಬಿ. ಬಸ್ಸಿಳಿದು ಬಂದ ಮಾಸ್ತರರಿಗೂ ಆಯಿ ಎರಡು ರೊಟ್ಟಿ ಮುಂದಿಟ್ಟಳು. ಅವರು ಕೈ ತೊಳೆದು ಕಪ್ಪು ಹಲಗೆಯ ಮೇಲೆ ಮೊದಲ ಸಾಲು ಬರೆದಾಗ ನಾವು ಹತ್ತೂ ಮಂದಿ ಒಂದೇ ದನಿಯಲ್ಲಿ ಓದಿದೆವು, ಪವರ್‌ಲೂಮುಗಳ ಸದ್ದನ್ನೂ ಮೀರಿ. ಯಾರೂ ಯಾರಿಗೂ ನಗಲಿಲ್ಲ.

ಮುಂದಿನ ವಾರ ಸಂಸ್ಕೃತದ ಇಬ್ಬರು ಹುಡುಗಿಯರು ವಿಷಯ ಬದಲಿಸಿ ಕೊಡಿ ಎಂದು ಹೆಡ್‌ಮಾಸ್ತರರ ಬಾಗಿಲಲ್ಲಿ ನಿಂತಿದ್ದರು. "ಭಾಷಾ ಪಾಹಿಜೇ ಕೀ ಜೇವಣ?" ಎಂದು ಅವರು ಗದರಿಸಿದ್ದು ನಮಗೆ ಹೊರಗೆ ಕೇಳಿಸಿತು. ಭಾಷೆ ಬೇಕೋ ಊಟ ಬೇಕೋ?

"ದೋನ್ಹೀ, ಸರ್." ಎರಡೂ.

ಹನ್ನೆರಡು ಮಂದಿಯಾದೆವು. ಅಂದು ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಅಂಗಡಿಯ ಬೀಗ ಗೂಟಕ್ಕೆ ಸಿಕ್ಕಿಸುತ್ತ, "ಹಂಗಾದ್ರ ನಿಮ್ಮ ಆಯಿಗಿ ಇನ್ನೊಂದು ಕೊಡ ಬೇಕಾಗತದ" ಎಂದರು.