ಡ್ರಿಲ್ ಮೇಷ್ಟ್ರ ಕಾಲುನೋವು

ಮಗಳ ಕೈಚೀಲದಲ್ಲಿದ್ದ ಆಸ್ಪಿರಿನ್ ಡಬ್ಬಿಯ ಮುಚ್ಚಳ ತೆಗೆದಾಗ ಸಣ್ಣಗೆ ಹುಳಿ ವಾಸನೆ ಬಂತು. ಅವಳ ಮೊಣಕಾಲ ಕೆಳಗಿನ ಮೂಳೆಯಲ್ಲಿ ತೊಗರಿಕಾಳಿನಷ್ಟು ಗೆಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ. ಬೆಂಗಳೂರಿನ ಡಾಕ್ಟರು ಸೂಜಿಯ ತೂತಿನಿಂದಲೇ ಲೇಸರ್ ಇಳಿಸಿ, ಅದನ್ನು ಒಳಗೇ ಸುಟ್ಟು, ಮಾರನೆಯ ದಿನ ಮನೆಗೆ ಕಳಿಸಿದ್ದರು. “ಆಸ್ಪಿರಿನ್ ನುಂಗಿದ್ರೆ ನೋವು ಪೂರ್ತಿ ಹೋಗುತ್ತೆ ಅಂದಾಗಲೇ ನನಗೆ ಅನುಮಾನ ಬಂತು,” ಎಂದಿದ್ದರು ಅವರು. ಆ ಮಾತು, ಈ ವಾಸನೆ... ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಆಂಡರ್ಸನ್‌ಪೇಟೆಯ ಶಾಲೆಗೆ ನಾನು ಹೊಸದಾಗಿ ಟೀಚರಾಗಿ ಸೇರಿದ್ದೆ. ಅವರು ಬೇತಮಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಇನ್ನೂ ಇಪ್ಪತ್ತೈದು ದಾಟಿರಲಿಲ್ಲ. ಮಕ್ಕಳನ್ನು ಮೈದಾನಕ್ಕೆ ಬಿಟ್ಟು ತಾವು ಕುರ್ಚಿಯಲ್ಲಿ ಕಾಲು ಹಿಡಿದುಕೊಂಡು ಕೂರುತ್ತಿದ್ದರು. ಜೇಬಿನ ಡಬ್ಬಿಯಿಂದ ಆಸ್ಪಿರಿನ್ ಮಾತ್ರೆ ತೆಗೆದು ನುಂಗಿದ ಅರ್ಧ ಗಂಟೆಗೆ ಎದ್ದು ಮಕ್ಕಳ ಜೊತೆ ಓಡುತ್ತಿದ್ದರು. ಅದೇ ಅವರಿಗೆ ಮುಳುವಾಯಿತು.

“ಒಂದು ಮಾತ್ರೆಗೆ ಓಗೋ ನೋವು, ಅದೆಂತಾ ನೋವು?” ಎಂದು ಹೆಡ್‌ಮಾಸ್ಟರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಮೇಷ್ಟ್ರು ವರಾಂಡದಲ್ಲಿ ಒಬ್ಬರೇ ಊಟ ಮಾಡತೊಡಗಿದರು. ಒಮ್ಮೆ ನನ್ನ ಬಳಿ, “ಮೇಲೇನೂ ಕಾಣಾಕಿಲ್ಲ ಮೇಡಂ. ಒಳಗೇ ಕೊರೀತದೆ. ರಾತ್ರಿ ನಿದ್ದೇನೇ ಇಲ್ಲ,” ಎಂದರು. ನಾನು ಮಕ್ಕಳ ಕಾಪಿ ತಿದ್ದುವುದನ್ನು ಮುಂದುವರಿಸಿದೆ.

ಅವರು ಕೆಲಸಗಳ್ಳರೆಂದೂ ಬೇರೆಡೆಗೆ ವರ್ಗ ಮಾಡಬೇಕೆಂದೂ ಹೆಡ್‌ಮಾಸ್ಟರು ಮೇಲಿನ ಕಚೇರಿಗೆ ಕಾಗದ ಬರೆದರು. ಎಲ್ಲರೂ ಸಹಿ ಹಾಕಿದರು. ಕೊನೆಯ ಸಹಿ ನನ್ನದು.

ಸ್ವಲ್ಪ ದಿನಕ್ಕೆ ಎಕ್ಸ್‌ರೇಯಲ್ಲಿ ಗೆಡ್ಡೆ ಸಿಕ್ಕಿತು. ರಜೆ ಹಾಕಿ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಒಬ್ಬರೇ ಹೋದರಂತೆ. ಆಗ ಲೇಸರ್ ಎಲ್ಲಿತ್ತು? ಕಾಲು ಸೀಳಿ, ಮೂಳೆ ಕೆತ್ತಿ, ಸೊಂಟದ ಮೂಳೆಯಿಂದ ಚೂರು ತೆಗೆದು ಆ ಜಾಗಕ್ಕೆ ತುಂಬಿದರು. ತಿಂಗಳುಗಟ್ಟಲೆ ಪ್ಲಾಸ್ಟರ್‌ನಲ್ಲಿ ಮಲಗಿದ್ದರು. ವರ್ಗದ ಆದೇಶವೂ ಮನೆಗೇ ಹೋಯಿತು. ನಮ್ಮಲ್ಲಿ ಯಾರೂ ನೋಡಲು ಹೋಗಲಿಲ್ಲ.

ಹೊಸ ಶಾಲೆಗೆ ಸೇರುವ ಮುನ್ನ ಒಂದು ಮಧ್ಯಾಹ್ನ ಕೋಲೂರಿಕೊಂಡು ಬಂದರು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ.

“ಈಗ ನಿದ್ದೆ ಬತ್ತೈತೆ ಮೇಡಂ,” ಎಂದರು. ನೀರು ಕೊಟ್ಟೆ. ಎದುರಿಗೆ ಸುಮ್ಮನೆ ಕೂತರು. ಸಹಿಯ ವಿಷಯ ಇವರಿಗೆ ಗೊತ್ತಿಲ್ಲ ಅಂದುಕೊಂಡು ನಿರಾಳವಾದೆ. ಗಂಟೆ ಹೊಡೆಯಿತು. ಕ್ಲಾಸಿಗೆ ಎದ್ದು ಹೋದೆ...

ಮಗಳು ಸರಾಗವಾಗಿ ನಡೆಯತೊಡಗಿದ ಮೇಲೆ, ಹೋದ ವಾರ, ಬೇತಮಂಗಲಕ್ಕೆ ಹೋಗಿದ್ದೆ. ಮೇಷ್ಟ್ರ ತಮ್ಮನ ಹೆಂಡತಿ ಬಾಗಿಲು ತೆಗೆದರು.

“ಬಾವ ತೀರ್ಕಂಡು ಆರು ವರ್ಸ ಆತು ಕಣಮ್ಮ. ಮದ್ವೆ ಗಿದ್ವೆ ಏನೂ ಆಗ್ಲಿಲ್ಲ.”

ಜಗಲಿಯ ಮೇಲೆ ಕೂತು, ಆ ಕಾಗದದ ಸಂಗತಿ ಎಲ್ಲ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ.

“ಗೊತ್ತಿತ್ತು ಅವ್ರಿಗೆ. ಆಸ್ಪತ್ರೆಗೆ ಓಗೋಕ್ ಮುಂಚೇನೇ ಕಚೇರೀಲಿ ಅದನ್ನ ತೋರ್ಸಿದ್ರಂತೆ. ಯಾರ್ಯಾರ್ ಸಹಿ ಐತೆ ಅಂತ ಓದ್ಕಂಡ್ ಬಂದಿದ್ರು.”

ಅಂದರೆ ಆ ಮಧ್ಯಾಹ್ನ ಎಲ್ಲ ಗೊತ್ತಿದ್ದೇ ಬಂದಿದ್ದರು. ನಾನೇ ಬಾಯಿಬಿಟ್ಟು ಏನಾದರೂ ಹೇಳುತ್ತೇನೇನೋ ಎಂದು ಅಷ್ಟು ಹೊತ್ತು ಎದುರಿಗೆ ಕೂತಿದ್ದರು.